ಗುರುವನ್ನು ಸೋಲಿಸಿದ ಹುಡುಗ ಯಾಕಿಷ್ಟು ಸಪ್ಪಗಿದ್ದಾನೆ? (ಶೋಗಿ ಕತೆಗಳು. ಕತೆ ಬಯಲಾಗುತ್ತೆ, ಎಚ್ಚರ)

ಒಂಟೆನಡೆ
ಲಾಕ್‌ಡೌನಿನಲ್ಲಿ ಅರ್ಧಕ್ಕೆ ಬಿಟ್ಟಿದ್ದ ‘ಮಾರ್ಚ್ ಕಮ್ಸ್ ಇನ್ ಲೈಕ್ ಎ ಲಯನ್’ ಅನಿಮೆಯನ್ನು (ಜಪಾನೀ ಕಾರ್ಟೂನ್ ಸರಣಿ) ಹೋದ ವಾರ ಪಟ್ಟಾಗಿ ಕೂತು ಎರಡೂ ಸೀಸನ್ ಮುಗಿಸಿದೆ. ಶೋಗಿ ಅಂದರೆ ಏನು ಅನ್ನುವವರಿಗೆ: ಜಪಾನಿನ ಚದುರಂಗ. ಒಂಬತ್ತೊಂಬತ್ಲಿ ಎಂಬತ್ತೊಂದು ಮನೆ, ಒಬ್ಬೊಬ್ಬರಿಗೆ 20 ಕಾಯಿ. ನಮ್ಮ ಆಟದಲ್ಲಿ ಸತ್ತ ಕಾಯಿ ಸತ್ತ ಹಾಗೇ, ಡಬ್ಬಿ ಸೇರಿತು. ಅಲ್ಲಿ ಹೊಡೆದ ಕಾಯಿ ಹೊಡೆದವನ ಕಡೆಗೆ ಸೇರುತ್ತೆ, ಬೇಕಾದಾಗ ಹಲಗೆ ಮೇಲೆ ಇಳಿಸಬಹುದು.

ನನ್ನ ತಲೆಯಿಂದ ಹೋಗದೇ ಇರೋದು ಮೊದಲ ಕಂತು. ಹದಿನೇಳು ವರ್ಷದ ಕಿರಿಯಾಮಾ ರೇ ಒಬ್ಬ ನಡುವಯಸ್ಸಿನವರ ಎದುರು ಆಡಿ ಗೆಲ್ತಾನೆ. ಗೆದ್ದವನ ಮುಖ ಸಾವಿನ ಮನೆಯಿಂದ ಎದ್ದು ಬಂದವನ ಹಾಗಿರುತ್ತೆ. ಆಮೇಲೆ ಗೊತ್ತಾಗುತ್ತೆ, ಸೋತವರು ಅವನನ್ನು ಸಾಕಿದ ಕೋದಾ. ಸಾಕುತಂದೆಯೂ ಅವರೇ, ಗುರುವೂ ಅವರೇ.

ನನ್ನ ಪ್ರಶ್ನೆ ಸರಳ. ಈ ಕೋದಾ ಒಳ್ಳೆಯ ಗುರುವೋ ಕೆಟ್ಟ ಗುರುವೋ? ಅನಾಥ ಹುಡುಗನಿಗೆ ಮನೆ ಕೊಟ್ಟರು, ವಿದ್ಯೆ ಕೊಟ್ಟರು, ಸರಿ. ಆದರೆ ಅದೇ ಮನೆಯಲ್ಲಿ ಸ್ವಂತ ಮಕ್ಕಳಿಬ್ಬರ ಬದುಕು ಹಾಳಾಯ್ತಲ್ಲ.

ಕೇಳೋದಕ್ಕೆ ಸ್ವಂತ ಕಾರಣವೂ ಇದೆ. ನನಗೆ ಚೆಸ್ ಕಲಿಸಿದ್ದು ಸಾಗರದ ಹತ್ತಿರ ಇರೋ ಸೋದರಮಾವ. ಒಂಬತ್ತನೇ ಕ್ಲಾಸಿನ ದಸರಾ ರಜೆಯಲ್ಲಿ ಮೊದಲ ಸಲ ಅವರನ್ನು ಸೋಲಿಸಿದೆ. ಆಮೇಲೆ ಅವರು ನನ್ನ ಜೊತೆ ಒಂದೇ ಒಂದು ಆಟ ಆಡಲಿಲ್ಲ. ಇಪ್ಪತ್ತೆರಡು ವರ್ಷ ಆಯ್ತು. ಆ ಕಂತು ನೋಡಿದಾಗಿನಿಂದ ಅದೇ ಕೊರೀತಿದೆ.

ತಿಳಿಸಾರು
ಕೆಟ್ಟ ಗುರು. ಮುಂದಿನ ಪ್ರಶ್ನೆ.

ಕಾಫಿಪುಡಿ
ಮೂರನೇ ಕಂತಿನಲ್ಲಿದ್ದೆ ನಾನು 😑 ಎಚ್ಚರಿಕೆ ಹಾಕಿದ್ದು ಈಗ ಕಾಣಿಸ್ತು.

ಚೆಕ್‌ಕೊಟ್ಟಕ್ಕ
ತಿಳಿಸಾರು ಅವರದ್ದೇ ನನ್ನ ಉತ್ತರ, ಕಾರಣ ಮಾತ್ರ ಉದ್ದ.

ಎಲ್ಲರೂ ರೇ ಕಡೆಯಿಂದ ನೋಡ್ತೀರ. ನಾನು ಕ್ಯೋಕೋ ಕಡೆಯಿಂದ ನೋಡ್ತೀನಿ. ಅವಳು ಕೋದಾ ಅವರ ಸ್ವಂತ ಮಗಳು, ಅವಳೂ ವೃತ್ತಿ ಆಟಗಾರ್ತಿ ಆಗಬೇಕು ಅಂತ ತರಬೇತಿಯಲ್ಲಿದ್ದವಳು. ಹೊರಗಿನಿಂದ ಬಂದ ಹುಡುಗ ಮುಂದೆ ಹೋದ. ಅವನನ್ನು ಗೆಲ್ಲೋಕೆ ಆಗದೇ ಇದ್ದರೆ ನೀನು ಬಿಟ್ಟುಬಿಡು ಅಂತ ಅಪ್ಪನೇ ಹೇಳಿದರು. ತಮ್ಮ ಅಯುಮು ಅದಕ್ಕೂ ಮೊದಲೇ ಕೈಚೆಲ್ಲಿ ವಿಡಿಯೋ ಗೇಮ್ ಹಿಡಿದು ಕೋಣೆ ಸೇರಿದ್ದ. ಆ ಮನೆಯಲ್ಲಿ ಅಪ್ಪನ ಪ್ರೀತಿಗೂ ರೇಟಿಂಗ್ ಇತ್ತು ರೀ.

ಇದು ನನಗೆ ಕತೆಯಲ್ಲ. ಆರನೇ ಕ್ಲಾಸಿನಿಂದ ಒಬ್ಬ ಕೋಚ್ ಹತ್ತಿರ ಚೆಸ್ ಕಲಿತೆ (ಊರು, ಹೆಸರು ಬೇಡ). ನನ್ನ ಪ್ರತಿ ಟೂರ್ನಮೆಂಟಿಗೂ ಬರ್ತಿದ್ದರು. ಹತ್ತನೇ ಕ್ಲಾಸಿನ ಹೊತ್ತಿಗೆ ಏಳು ವರ್ಷದ ಒಬ್ಬ ಹುಡುಗ ಸೇರಿಕೊಂಡ, ನಿಜವಾಗಲೂ ಅಸಾಧ್ಯ ಪ್ರತಿಭೆ. ಆಮೇಲೆ ಸರ್ ಕುರ್ಚಿ ನನ್ನ ಬೋರ್ಡಿನ ಹತ್ತಿರದಿಂದ ಅವನ ಬೋರ್ಡಿನ ಹತ್ತಿರಕ್ಕೆ ಹೋಯ್ತು. ಒಂದು ಮಾತು ಬೈಯಲಿಲ್ಲ, ಬಿಡು ಅನ್ನಲಿಲ್ಲ. ಕುರ್ಚಿ ಹೋಯ್ತು, ಅಷ್ಟೇ. ಪಿಯುಸಿಯಲ್ಲಿ ನಾನೇ ಬಿಟ್ಟೆ. ಕ್ಯೋಕೋ ರೇಗೆ ಕೊಡೋ ಕಾಟ ಸರಿ ಅಂತ ಹೇಳ್ತಿಲ್ಲ, ಆದರೆ ಅವಳು ಬಾಯಿ ಬಿಟ್ಟರೆ ಯಾಕೆ ವಿಷ ಬರುತ್ತೆ ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಜ್ವಾಳದರೊಟ್ಟಿ
ಅಕ್ಕಾರ, ನೀವು ಹೇಳೂದು ಖರೆ ಐತಿ. ರೇಗೂ ಅದು ಗೊತ್ತದ. ಟಿವ್ಯಾಗ ಕೋಗಿಲೆ ಮರಿ ಕಾರ್ಯಕ್ರಮ ನೋಡಿ ‘ಇದು ನಾನs’ ಅಂತ ಅವಗ ಅನಸ್ತದ ನೋಡ್ರಿ, ಅದ ಇಡೀ ಕತಿ. ನಮ್ಮ ಕಡೆ ಕೋಗಿಲೆ ಕಾಗಿ ಗೂಡಿನ್ಯಾಗ ತತ್ತಿ ಇಡೂದು ಸಣ್ಣ ಹುಡುಗ್ರಿಗೂ ಗೊತ್ತು. ಆದ್ರ ಕಾಗಿ ಮರಿ ಏನಾತು ಅಂತ ಯಾರೂ ಕೇಳೂದಿಲ್ಲ.

ನಗೋಯಾವಾಸಿ
ಇಲ್ಲಿ ಆರು ವರ್ಷದಿಂದ ಇದ್ದೀನಿ. ಶೋಗಿ ಸುಮಾರಾಗಿ ಆಡ್ತೀನಿ, ಅಂದರೆ ವಾರದ ಕೊನೆಗೆ ಎಪ್ಪತ್ತು ದಾಟಿದ ಅಜ್ಜಂದಿರ ಹತ್ತಿರ ಕ್ರಮಬದ್ಧವಾಗಿ ಸೋಲ್ತೀನಿ. ಕೋದಾ ಬಗ್ಗೆ ತೀರ್ಪು ಕೊಡೋ ಮೊದಲು ಇಲ್ಲಿನ ಪದ್ಧತಿ ಒಂದಿಷ್ಟು ಗೊತ್ತಿರಲಿ.

ಶೋಗಿಯಲ್ಲಿ ವೃತ್ತಿಗೆ ಬರಬೇಕಾದರೆ ಶೋರೇಕಾಯಿ ಅನ್ನೋ ತರಬೇತಿ ವ್ಯವಸ್ಥೆಗೆ ಸೇರಬೇಕು. ಅದಕ್ಕೆ ಸೇರೋಕೆ ಒಬ್ಬ ವೃತ್ತಿ ಆಟಗಾರ ನಿಮ್ಮನ್ನು ಶಿಷ್ಯ ಅಂತ ಒಪ್ಪಬೇಕು. ಮೇಲೆ ಮೂರನೇ ದಾನ್‌ನವರ (ದಾನ್ ಅಂದರೆ ದರ್ಜೆ) ಲೀಗ್, ವರ್ಷಕ್ಕೆ ಎರಡು ಸಲ. ಒಂದೊಂದರಲ್ಲೂ ಮೊದಲ ಇಬ್ಬರಿಗೆ ಮಾತ್ರ ನಾಲ್ಕನೇ ದಾನ್, ಅಂದರೆ ವೃತ್ತಿ. ಇಪ್ಪತ್ತಾರರ ಒಳಗೆ ಆಗದೇ ಇದ್ದರೆ ಸಾಮಾನ್ಯವಾಗಿ ಗಂಟುಮೂಟೆ ಕಟ್ಟಬೇಕು. ಐದಾರನೇ ವಯಸ್ಸಿನಿಂದ ಬೇರೇನೂ ಮಾಡದವನು ಇಪ್ಪತ್ತಾರಕ್ಕೆ ಬೀದಿಗೆ. ಹಾಗಾಗಿ ‘ನಿನ್ನಿಂದ ಆಗಲ್ಲ, ಈಗಲೇ ಬಿಡು’ ಅಂತ ಬೇಗ ಹೇಳೋದೂ ಗುರುವಿನ ಕೆಲಸ ಅಂತ ಇಲ್ಲಿ ಹಲವರು ನಂಬ್ತಾರೆ. ಕ್ರೂರವೋ ಕರುಣೆಯೋ, ನೀವೇ ಹೇಳಿ.

ಇನ್ನೊಂದು. ಹಿಂದೆಲ್ಲ ಗುರು ಶಿಷ್ಯನ ಜೊತೆ ಆಡೋದು ಎರಡೇ ಸಲ ಅನ್ನೋ ಮಾತಿದೆ. ಸೇರುವಾಗ ಒಂದು ಆಟ. ಸೋತು ಊರಿಗೆ ಹೊರಟಾಗ ಇನ್ನೊಂದು. ಎರಡನೇ ಆಟಕ್ಕೆ ಕರೆದರೆ ಎಲ್ಲ ಮುಗೀತು ಅಂತ ಅರ್ಥ.

@ಒಂಟೆನಡೆ, ನಿಮಗೆ ಬೇಕಾದ್ದು ಇದು: ಅಧಿಕೃತ ಪಂದ್ಯದಲ್ಲಿ ಶಿಷ್ಯ ಗುರುವನ್ನು ಗೆದ್ದರೆ ಅದಕ್ಕೆ ಇಲ್ಲಿ ‘ಒನ್‌ಗಾಯೆಶಿ’ ಅಂತಾರೆ. ಋಣ ತೀರಿಸಿದ್ದು ಅಂತ. ಅವಮಾನ ಅಲ್ಲ.

ತಿಳಿಸಾರು
ನಮ್ಮಲ್ಲಿ ಅದಕ್ಕೆ ಗುರುವಿಗೇ ತಿರುಮಂತ್ರ ಅಂತಾರೆ 😂

ಹಳೇಪೇಪರ್
ತಿಳಿಸಾರು, ತಿರುಮಂತ್ರ ಅಂದರೆ ಗುರು ಕೊಟ್ಟ ವಿದ್ಯೆಯನ್ನು ಗುರುವಿನ ಮೇಲೇ ಬಿಡೋದು. ಅದರಲ್ಲಿ ದ್ರೋಹದ ವಾಸನೆ ಇದೆ. ಇಲ್ಲಿ ಹೇಳ್ತಿರೋದು ಅದಲ್ಲ. ‘ಸರ್ವತ್ರ ಜಯಮಿಚ್ಛೇತ್, ಪುತ್ರಾತ್ ಶಿಷ್ಯಾತ್ ಪರಾಜಯಮ್’ ಅಂತ ನಮ್ಮ ಹಿರಿಯರೂ ಹೇಳಿಕೊಂಡು ಬಂದಿದ್ದಾರೆ. ಎಲ್ಲ ಕಡೆ ಗೆಲುವು ಬಯಸು, ಮಗನ ಕೈಯಲ್ಲಿ, ಶಿಷ್ಯನ ಕೈಯಲ್ಲಿ ಮಾತ್ರ ಸೋಲು ಬಯಸು. ಎರಡು ದೇಶದಲ್ಲೂ ಮಾತು ಒಂದೇ.

ಚೆಕ್‌ಕೊಟ್ಟಕ್ಕ
ಮಾತು ಒಂದೇ. ನಡವಳಿಕೆ? ದ್ರೋಣರು ಏಕಲವ್ಯನ ಹೆಬ್ಬೆರಳು ಕೇಳುವಾಗ ಈ ಶ್ಲೋಕ ಎಲ್ಲಿಗೆ ಹೋಗಿತ್ತು?

ಹಳೇಪೇಪರ್
ಪರಶುರಾಮರು ಭೀಷ್ಮರ ಎದುರು ಇಪ್ಪತ್ತಮೂರು ದಿನ ಹೋರಾಡಿ, ಗೆಲ್ಲೋಕಾಗದೆ, ಶಿಷ್ಯನನ್ನು ಮೆಚ್ಚಿಕೊಂಡೇ ಹೋದರಲ್ಲ. ಒಂದು ಉದಾಹರಣೆಗೆ ಇನ್ನೊಂದು.

ಕುಡ್ಲದಮಾಣಿ
ಇದು ಇನ್ನು ಕುರುಕ್ಷೇತ್ರಕ್ಕೇ ಹೋಗಿ ನಿಲ್ಲುವುದು ಮಾರಾಯ್ರೆ. ಜಪಾನಿಗೆ ವಾಪಸ್ ಬನ್ನಿ. ನನಗೆ ಒಂದು ಡೌಟ್ ಉಂಟು. ಗುರು ಆಡುವುದೇ ಎರಡು ಸಲ ಅಂತಾದರೆ ಮತ್ತೆ ಕಲಿಸುವುದು ಎಂತದು?

ನಗೋಯಾವಾಸಿ
ಅದೇ ಮಜಾ. ಗುರು ನಡೆ ಕಲಿಸಲ್ಲ ಅನ್ನೋದೇ ಹಳೇ ಲೆಕ್ಕ. ಶಿಷ್ಯರು ಗುರುವಿನ ಮನೆಯಲ್ಲೇ ಇದ್ದು ನೆಲ ಒರೆಸಿ, ಪಾತ್ರೆ ತೊಳೆದು, ಬಿಡುವಿನಲ್ಲಿ ತಮ್ಮತಮ್ಮಲ್ಲೇ ಆಡಿ ಕಲೀತಿದ್ದರು. ಮನೆವಾಸದ ಪದ್ಧತಿ ಈಗ ಹೆಚ್ಚುಕಡಿಮೆ ಹೋಗಿದೆ.

ಜ್ವಾಳದರೊಟ್ಟಿ
ನಮ್ಮ ಧಾರವಾಡದ ಸಂಗೀತದವ್ರ ಹಂಗ ಆತಲ್ರಿ ಇದು! ಗುರುವಿನ ಮನ್ಯಾಗ ನೀರು ತುಂಬಿ, ಗುರುಬಂಧು ಹಾಡೂದು ಕೇಳಿ ಕೇಳಿ ಕಲಿಯೂದು. ಗುರು ಬಾಯಿಬಿಟ್ಟು ‘ಚಲೋ ಆತು’ ಅಂದ ದಿನ ಹಬ್ಬ.

ಹಳೇಪೇಪರ್
ಗುರುಬಂಧು ಅಂದಿರಲ್ಲ, ಈ ವಿಷಯದಲ್ಲಿ ಯಾವ ಕಾದಂಬರಿಗೂ ಮಣಿಯದ ನಿಜಕತೆ ಒಂದಿದೆ. ಮಾಸುದಾ ಕೋಜೋ ಮತ್ತು ಓಯಾಮಾ ಯಾಸುಹಾರು. ಇಬ್ಬರೂ ಓಸಾಕಾದ ಕಿಮಿ ಕಿಂಜಿರೋ ಅವರ ಶಿಷ್ಯರು, ಮಾಸುದಾ ಹಿರಿಯ, ಓಯಾಮಾ ಅವರಿಗಿಂತ ಐದು ವರ್ಷ ಚಿಕ್ಕವರು. ಒಂದೇ ಮನೆಯ ಅನ್ನ.

ಈ ಮಾಸುದಾ ಹಿರೋಶಿಮಾ ಕಡೆಯ ಹಳ್ಳಿಯಿಂದ ಹುಡುಗನಾಗಿದ್ದಾಗ ಮನೆ ಬಿಟ್ಟು ಹೊರಟಾಗ, ಅಮ್ಮನ ಹೊಲಿಗೆ ಅಳತೆಕೋಲಿನ ಹಿಂಭಾಗದಲ್ಲಿ ಬರೆದಿಟ್ಟಿದ್ದು ಏನು ಗೊತ್ತಾ? ಮೇಜಿನ್‌ಗೆ ಒಂದು ಈಟಿಕಾಯಿ ಬಿಟ್ಟುಕೊಟ್ಟು ಆಡಿ ಗೆಲ್ತೀನಿ ಅಂತ. ಮೇಜಿನ್ ಅಂದರೆ ಆ ಆಟದ ಅತಿ ಹಳೆಯ, ಅತಿ ದೊಡ್ಡ ಪಟ್ಟ. ಅಂಥವರಿಗೆ ಕಾಯಿ ಬಿಟ್ಟುಕೊಡೋದು ಅಂದರೆ ಹುಚ್ಚುಮಾತು. ಆದರೆ ಆಗಿನ ಓಶೋ ಪಂದ್ಯಾವಳಿಯಲ್ಲಿ, ಒಬ್ಬರು ಮೂರು ಆಟ ಮುಂದೆ ಹೋದರೆ ಮುಂದಿನದನ್ನು ಕಾಯಿ ಬಿಟ್ಟುಕೊಟ್ಟು ಆಡಬೇಕು ಅನ್ನೋ ನಿಯಮ ಇತ್ತು. 1956ರಲ್ಲಿ ಮಾಸುದಾ ಹಾಗೇ ಆಡಿದರು, ಗೆದ್ದೂಬಿಟ್ಟರು. ಎದುರಿಗೆ ಕೂತಿದ್ದ ಮೇಜಿನ್ ಯಾರು? ಓಯಾಮಾ. ಅದೇ ಮನೆಯ ತಮ್ಮ.

ಅಮ್ಮನ ಅಳತೆಕೋಲಿನ ಮೇಲಿನ ಮಾತು ನಿಜ ಆಯ್ತು, ಆದರೆ ಆ ಈಟಿ ನೆಟ್ಟಿದ್ದು ಒಟ್ಟಿಗೆ ಬೆಳೆದವನಿಗೆ. ಮುಂದೆ ವರ್ಷಗಟ್ಟಲೆ ಓಯಾಮಾ ಪಟ್ಟದ ಮೇಲೆ ಪಟ್ಟ ಬಾಚಿಕೊಂಡು ಸೇಡು ತೀರಿಸಿಕೊಂಡರು ಅನ್ನಿ.

ಕಾಫಿಪುಡಿ
ಓಶೋ?? ನಮ್ಮ ಪುಣೆಯವರಾ?

ಹಳೇಪೇಪರ್
ಅಲ್ಲಪ್ಪಾ. ಓಶೋ ಅಂದರೆ ಶೋಗಿಯ ರಾಜನ ಕಾಯಿ.

ಕುಡ್ಲದಮಾಣಿ
ಧ್ಯಾನ ಎರಡಕ್ಕೂ ಬೇಕು ಬಿಡಿ.

ಹಳೇಪೇಪರ್
ಅದೇ ಹೆಸರಿನ ನಾಟಕವೂ ಇದೆ. ಹೋಜೋ ಹಿದೆಜಿ ಬರೆದದ್ದು, 1947ರಲ್ಲಿ ರಂಗಕ್ಕೆ ಬಂತು, ಮರುವರ್ಷ ಸಿನಿಮಾ. ಓಸಾಕಾದ ಸಾಕಾತಾ ಸಾಂಕಿಚಿ ಅನ್ನೋ ನಿಜವಾದ ಆಟಗಾರರ ಕತೆ. ಅಕ್ಷರ ಬಾರದವರು, ಬಡವರು, ಆಟದ ಹುಚ್ಚಿನಲ್ಲಿ ಹೆಂಡತಿ ಮಕ್ಕಳನ್ನು ಉಪವಾಸ ಕೆಡವಿದವರು. ಅವರಿಗೆ ಹೇಳಿಕೊಳ್ಳುವಂಥ ಗುರು ಇಲ್ಲ. ಟೋಕಿಯೋದ ಸೆಕಿನೆ ಕಿಂಜಿರೋ ಅವರನ್ನು ಗೆಲ್ಲಬೇಕು ಅನ್ನೋ ಹಟವೇ ಗುರು. ಕೊನೆಗೆ ಮೇಜಿನ್ ಪಟ್ಟ ಸೆಕಿನೆಗೆ ಸಿಗುತ್ತೆ. ಸಾಕಾತಾ ಟೋಕಿಯೋಗೆ ಹೋಗಿ ತಲೆಬಾಗಿ ಅಭಿನಂದಿಸ್ತಾರೆ. ಅದೇ ಹೊತ್ತಿಗೆ ಓಸಾಕಾದಲ್ಲಿ ಹೆಂಡತಿ ಕೊಹಾರು ಕೊನೆಯುಸಿರಿನಲ್ಲಿ, ಇವರು ಟೆಲಿಫೋನ್ ಹಿಡಿದು ಅವಳಿಗೆ ಕೇಳಿಸಲಿ ಅಂತ ಪ್ರಾರ್ಥನೆ ಹೇಳ್ತಾರೆ. ನೋಡಿ ಮೂವತ್ತು ವರ್ಷ ಆಯ್ತು, ಆ ದೃಶ್ಯ ಮಾತ್ರ ಮಾಸಿಲ್ಲ.

ಸಾಕಾತಾ 1946ರಲ್ಲಿ ತೀರಿಕೊಂಡರು. ಮೇಜಿನ್, ಓಶೋ ಎರಡೂ ಗೌರವ ಅವರಿಗೆ ಕೊಟ್ಟಿದ್ದು 1955ರಲ್ಲಿ. ಸತ್ತ ಮೇಲೆ ಸನ್ಮಾನ.

ತಿಳಿಸಾರು
ಸನ್ಮಾನದ ವಿಷಯದಲ್ಲಿ ಅವರೂ ನಮ್ಮವರೇ ಹಾಗಾದರೆ.

ಚೆಕ್‌ಕೊಟ್ಟಕ್ಕ
‘ಉಪವಾಸ ಕೆಡವಿದರು’ ಅಂದು, ಮುಂದಿನ ಸಾಲಲ್ಲೇ ಕಣ್ಣೀರಿನ ದೃಶ್ಯ. ಕೊಹಾರು ಕಡೆಯಿಂದ ಯಾರಾದರೂ ಒಂದು ನಾಟಕ ಬರೀರಪ್ಪ.

ಒಂಟೆನಡೆ
ಚರ್ಚೆ ಎಲ್ಲೆಲ್ಲೋ ಹೋದರೂ ಚೆನ್ನಾಗಿದೆ 🙏 ಕೋದಾ ವಿಷಯಕ್ಕೆ ಒಂದು ಮಾತು. ನನಗೆ ಅನ್ನಿಸಿದ್ದು, ರೇಗೆ ಆಟ ಕಲಿಸಿದ್ದು ಕೋದಾ ಇರಬಹುದು, ಆದರೆ ಅವನನ್ನು ಮನುಷ್ಯ ಮಾಡಿದವರು ಬೇರೆ. ಶಿಮಾದಾ ಪ್ರಸಂಗ ನೋಡಿ. ರೇ ತಲೆಯಲ್ಲಿ ಮುಂದಿನ ಸುತ್ತಿನ ಗೊತೋ ತುಂಬಿದ್ದಾನೆ, ಎದುರಿಗಿರೋ ಶಿಮಾದಾ ಲೆಕ್ಕಕ್ಕೇ ಇಲ್ಲ. ಶಿಮಾದಾ ತಣ್ಣಗೆ ಕೂತು ಅವನ ತಲೆ ಒಡೆದ ಹಾಗೆ ಸೋಲಿಸ್ತಾರೆ. ಆಮೇಲೆ ರೇ ಮಾಡೋ ಕೆಲಸ ನನಗೆ ಬಹಳ ಇಷ್ಟ. ಹೋಗಿ, ನಿಮ್ಮ ಅಧ್ಯಯನ ಗುಂಪಿಗೆ ನನ್ನನ್ನೂ ಸೇರಿಸಿಕೊಳ್ಳಿ ಅಂತ ಕೇಳ್ತಾನೆ. ಸೋಲಿಸಿದವರನ್ನೇ ಗುರು ಮಾಡಿಕೊಳ್ಳೋದು.

ಕುಡ್ಲದಮಾಣಿ
ಶಿಮಾದಾ ಅಂದರೆ ನನಗೆ ಪ್ರಾಣ. ಯಾಮಾಗಾತಾದ ಹಳ್ಳಿ, ಯಾವಾಗ ನೋಡಿದರೂ ಹೊಟ್ಟೆನೋವು, ಇಡೀ ಊರಿನ ಆಸೆ ತಲೆ ಮೇಲೆ. ಮೇಜಿನ್ ಸೋಯಾ ಎದುರು ನಾಲ್ಕಕ್ಕೆ ಸೊನ್ನೆ ಸೋಲುವಾಗ, ಕೊನೆಯ ಆಟದಲ್ಲಿ ಗೆಲ್ಲುವ ದಾರಿ ಇನ್ನೂ ಉಂಟು ಅಂತ ರೇಗೆ ಕಾಣ್ತದೆ, ಶಿಮಾದಾಗೆ ಕಾಣುವುದಿಲ್ಲ, ಸೋತೆ ಅಂತ ತಲೆ ಬಗ್ಗಿಸ್ತಾರೆ. ಆ ಕಂತು ನೋಡಿ ನಾನು ಊಟ ಬಿಟ್ಟಿದ್ದೇನೆ. ನಿಜ ಹೇಳ್ತೇನೆ, ಬಂಗುಡೆ ಗಸಿ ಇತ್ತು ಅವತ್ತು.

ಕಾಫಿಪುಡಿ
ಗಸಿ ಬಿಟ್ಟಿರಾ? ನಂಬಲ್ಲ.

ನಗೋಯಾವಾಸಿ
ಶಿಮಾದಾ ನಿಕಾಯಿದೋಗೆ ಗುರುಬಂಧು ಅಣ್ಣ ಅನ್ನೋದನ್ನೂ ಸೇರಿಸಿ. ಆ ದಪ್ಪ ಹುಡುಗ ನಿಕಾಯಿದೋ, ತನಗೆ ತಾನೇ ‘ರೇಯ ಎದುರಾಳಿ’ ಅಂತ ಪಟ್ಟ ಕಟ್ಟಿಕೊಂಡವನು. ಟಿವಿಯಲ್ಲಿ ರೇ ಪಂದ್ಯಕ್ಕೆ ವೀಕ್ಷಕ ವಿವರಣೆ ಹೇಳ್ತಾ ಹೇಳ್ತಾ ತಡೆಯಲಾರದೆ, ನಿನ್ನನ್ನು ನೀನು ಕಾಪಾಡಿಕೋ ಅಂತ ಕ್ಯಾಮೆರಾಗೇ ಕೂಗ್ತಾನಲ್ಲ. ಗುರು ಹೇಳಬೇಕಾದ್ದನ್ನು ಎದುರಾಳಿ ಹೇಳಿದ.

ಅವನಿಗೆ ಮಾದರಿ ಮುರಾಯಾಮಾ ಸಾತೊಶಿ ಅಂತ ನಿಜವಾದ ಆಟಗಾರ. 1969ರಲ್ಲಿ ಹುಟ್ಟಿದ್ದು. ಐದನೇ ವಯಸ್ಸಿನಿಂದ ಮೂತ್ರಪಿಂಡದ ಕಾಯಿಲೆ, ಶೋಗಿ ಕಲಿತದ್ದೇ ಆಸ್ಪತ್ರೆ ಹಾಸಿಗೆಯಲ್ಲಿ. ಗುರು ಮೋರಿ ನೊಬುವೋ, ಆಗಿನ್ನೂ ಮದುವೆಯಾಗದ ಬಡ ಆಟಗಾರ. ಇವರಿಬ್ಬರಲ್ಲಿ ಯಾರು ಗುರು ಅಂತಾನೇ ಗೊತ್ತಾಗ್ತಿರಲಿಲ್ಲವಂತೆ. ಶಿಷ್ಯನ ಒಳಚಡ್ಡಿ ಒಗೆಯೋದು ಗುರು, ತಲೆ ತೊಳೆಯೋದು ಗುರು, ಅವನಿಗೆ ಇಷ್ಟವಾದ, ಹುಡುಗಿಯರು ಓದೋ ಮಾಂಗಾ (ಜಪಾನೀ ಕಾಮಿಕ್ಸ್) ಹುಡುಕಿಕೊಂಡು ಪುಸ್ತಕದಂಗಡಿ ಅಲೆಯೋದೂ ಗುರು. ಮುರಾಯಾಮಾ ಅತಿ ಮೇಲಿನ ಎ ದರ್ಜೆಗೆ ಏರಿದರು, ಹಾಬು ಯೊಶಿಹಾರು ಅವರಂಥವರಿಗೇ ಬೆವರಿಳಿಸಿದರು, 1998ರ ಆಗಸ್ಟ್‌ನಲ್ಲಿ ಕ್ಯಾನ್ಸರ್‌ನಿಂದ ಹೋದರು. 29 ವರ್ಷ. ‘ಸಾತೊಶಿ ನೋ ಸೇಯಿಶುನ್’ ಪುಸ್ತಕ ಅವರ ಜೀವನ, 2016ರಲ್ಲಿ ಸಿನಿಮಾ ಆಯ್ತು. ಮಾತ್ಸುಯಾಮಾ ಕೆನಿಚಿ ಆ ಪಾತ್ರಕ್ಕೆ ಊದಿಕೊಂಡಿದ್ದಾರೆ, ಗುರುತೇ ಸಿಗಲ್ಲ.

ಜ್ವಾಳದರೊಟ್ಟಿ
ಶಿಷ್ಯಾ ಗುರುವಿನ ಧೋತರ ಒಗದಿದ್ದು ಕೇಳೇನಿ. ಗುರು ಶಿಷ್ಯಾನ ಚಡ್ಡಿ ಒಗದಿದ್ದು ಇದ ಮೊದಲು. ದೊಡ್ಡ ಮನಷ್ಯಾ.

ಚೆಕ್‌ಕೊಟ್ಟಕ್ಕ
ನೋಡಿ, ಇದಕ್ಕೇ ಕೋದಾಗಿಂತ ಮೋರಿ ಮೇಲು ಅನ್ನೋದು. ಶಿಷ್ಯ ಗೆಲ್ಲಲಿ ಸೋಲಲಿ, ಚಡ್ಡಿ ಒಗೀತಾರೆ.

ನಗೋಯಾವಾಸಿ
ಒಪ್ಪಿದೆ. ಆದರೆ ಅಕ್ಕ, ಕೋದಾ ಬಗ್ಗೆ ಇನ್ನೊಂದು ಕೋನ ಇದೆ. ರೇ ಅಪ್ಪ, ಅಮ್ಮ, ತಂಗಿಯನ್ನು ಅಪಘಾತದಲ್ಲಿ ಕಳೆದುಕೊಂಡಾಗ ಕೋದಾ ಕೇಳಿದ್ದು ಒಂದೇ ಪ್ರಶ್ನೆ, ನಿನಗೆ ಶೋಗಿ ಇಷ್ಟವಾ? ಹುಡುಗ ಹೌದು ಅಂದ. ಸುಳ್ಳು. ಬದುಕೋದಕ್ಕೆ ಹೇಳಿದ ಸುಳ್ಳು. ಕೋದಾ ಅದನ್ನು ನಿಜ ಅಂತ ನಂಬಿದರು. ಪ್ರೀತಿಯನ್ನು ಶೋಗಿ ಭಾಷೆಯಲ್ಲಿ ಮಾತ್ರ ಹೇಳೋಕೆ ಬರೋ ಮನುಷ್ಯ, ಆ ಭಾಷೆ ತನ್ನ ಮಕ್ಕಳಿಗೆ ಬರಲ್ಲ ಅಂತ ಅವರಿಗೆ ಹೊಳೆಯಲೇ ಇಲ್ಲ. ಕೆಟ್ಟವರು ಅನ್ನಲ್ಲ. ಪೆದ್ದರು ಅಂತೀನಿ.

ಚೆಕ್‌ಕೊಟ್ಟಕ್ಕ
ಪೆದ್ದತನದ ಬಿಲ್ಲು ಮಕ್ಕಳು ಕಟ್ಟಬೇಕಾ? ಸರಿ, ‘ಪೆದ್ದರು’ ಅನ್ನೋದಕ್ಕೆ ಅರ್ಧ ಒಪ್ಪಿಗೆ.

ಅಂದಹಾಗೆ ಹೆಣ್ಣುಮಕ್ಕಳ ಮಾತು ಬಂತಲ್ಲ. ಶೋರೇಕಾಯಿ ದಾರಿಯಲ್ಲೇ ಏರಿ ನಾಲ್ಕನೇ ದಾನ್ ಆಗೋದಕ್ಕೆ ನಿಶಿಯಾಮಾ ತೊಮೊಕಾ ಕೂದಲೆಳೆ ಹತ್ತಿರ ಹೋಗಿದ್ದರು. 2020ರ ಮಾರ್ಚ್‌ಗೆ ಮುಗಿದ ಲೀಗಿನಲ್ಲಿ 14 ಗೆಲುವು, 4 ಸೋಲು. ಎರಡನೆಯವನಿಗೂ ಅಷ್ಟೇ ಗೆಲುವು, ಆದರೆ ಹಿಂದಿನ ಶ್ರೇಯಾಂಕದ ಮೇಲೆ ಅವರಿಗೆ ಮೂರನೇ ಸ್ಥಾನ. ಹಾಗಾಗಿ ಕ್ಯೋಕೋಗೆ ‘ನಿನ್ನಿಂದ ಆಗಲ್ಲ’ ಅಂದಿದ್ದನ್ನು ಓದುವಾಗ ನನಗೆ ಮೈ ಉರಿಯುತ್ತೆ.

ಹೆಣ್ಣು ಬರೆದ ಶೋಗಿ ಕತೆ ಬೇಕಾದರೆ ‘ಶಿಯೋನ್ ನೋ ಓ’ ಓದಿ. ಬೇರೆ ಹೆಸರಿನಲ್ಲಿ ಬರೆದವರು ಹಾಯಾಶಿಬಾ ನಾವೊಕೊ, ಸ್ವತಃ ಹದಿನಾಲ್ಕಕ್ಕೇ ಮಹಿಳಾ ಪಟ್ಟ ಗೆದ್ದವರು. ನಾಯಕಿ ಮಾತು ಕಳೆದುಕೊಂಡ ಹುಡುಗಿ. ಅಪ್ಪ ಅಮ್ಮನ ಕೊಲೆ ನೋಡಿದವಳು, ಸಾಕಿದವರು ಒಬ್ಬ ಶೋಗಿ ಆಟಗಾರ. ಮತ್ತೆ ಸಾಕುತಂದೆಯೇ!

ಕಾಫಿಪುಡಿ
ಶೋಗಿ ಕತೆಯಲ್ಲಿ ಅನಾಥರೇ ಯಾಕೆ ಇರ್ತಾರೆ?

ತಿಳಿಸಾರು
ಅಪ್ಪ ಅಮ್ಮ ಇದ್ದಿದ್ದರೆ ಟ್ಯೂಷನ್‌ಗೆ ಕಳಿಸಿಬಿಡ್ತಿದ್ದರು.

ರಾಗಿಮುದ್ದೆ೯೯
‘ರ್ಯೂಓ ನೋ ಒಶಿಗೊತೊ’ ಯಾರೂ ಹೇಳಲಿಲ್ವಲ್ಲ? ಗುರು ಶಿಷ್ಯ ಅಂದ್ರೆ ಅದೇ ತಾನೇ. ಹದಿನಾರಕ್ಕೇ ರ್ಯೂಓ ಪಟ್ಟ ಗೆದ್ದ ಹುಡುಗ, ಅವನ ಮನೆ ಬಾಗಿಲಿಗೆ ಒಂಬತ್ತು ವರ್ಷದ ಹುಡುಗಿ ಬಂದು ಶಿಷ್ಯೆ ಮಾಡ್ಕೊಳ್ಳಿ ಅಂತಾಳೆ. ಗುರುವೇ ಇನ್ನೂ ಹುಡುಗ!

ಚೆಕ್‌ಕೊಟ್ಟಕ್ಕ
ಹೇಳದೇ ಇದ್ದಿದ್ದಕ್ಕೆ ಕಾರಣ ಇದೆ. ಅಷ್ಟು ಚಿಕ್ಕ ಮಕ್ಕಳನ್ನು ಇಟ್ಟುಕೊಂಡು ಮಾಡೋ ಜೋಕುಗಳು ಅಸಹ್ಯ.

ರಾಗಿಮುದ್ದೆ೯೯
ಅಕ್ಕ ಜೋಕ್ ಬಗ್ಗೆ ಒಪ್ಕೋತೀನಿ, ನಾನೂ ಓಡಿಸ್ಕೊಂಡೇ ನೋಡಿದ್ದು. ಆದ್ರೆ ಗುರು ಕಿಯೊತಾಕಿ ಅವರ ಕತೆ ಇದ್ಯಲ್ಲ, ವಯಸ್ಸಾಗಿ ಆಟ ಜಾರ್ತಾ ಇರೋ ಗುರು, ಶಿಷ್ಯ ರ್ಯೂಓ. ಅದು ಗಟ್ಟಿ. ಮತ್ತೆ ಗಿಂಕೊ. ಅವಳು ವಯಸ್ಸಲ್ಲಿ ಚಿಕ್ಕೋಳು, ಆದ್ರೆ ನಾಯಕನಿಗಿಂತ ಎರಡು ವಾರ ಮೊದ್ಲು ಶಿಷ್ಯೆ ಆಗಿದ್ಳು. ಅದಕ್ಕೇ ಅವನು ಜೀವನ ಪೂರ್ತಿ ಅವಳನ್ನ ಅಕ್ಕ ಅನ್ಬೇಕು 😂

ಜ್ವಾಳದರೊಟ್ಟಿ
ಎರಡು ವಾರದ ಹಿರಿತನ! ನಮ್ಮ ಆಫೀಸಿನ್ಯಾಗ ಒಬ್ಬಾಂವ ಅದಾನ, ಹಿಂಗs ಮಾಡ್ತಾನ. ಒಂದ ಬ್ಯಾಚು, ಬೆಳಿಗ್ಗಿ ಸೇರ್ಯಾನ, ನಾ ಮಧ್ಯಾಹ್ನ.

ನಗೋಯಾವಾಸಿ
ಕತೆಗಾರರ ಕಷ್ಟ ಏನು ಅಂದರೆ, ನಿಜ ಅವರನ್ನು ಹಿಂದೆ ಹಾಕಿಬಿಟ್ಟಿದೆ. ಮಾರ್ಚ್ ಲಯನ್ ಮಾಂಗಾ 2007ರಲ್ಲಿ ಶುರುವಾದಾಗ, ಮಿಡ್ಲ್ ಸ್ಕೂಲಿನಲ್ಲಿದ್ದಾಗಲೇ ವೃತ್ತಿಗೆ ಬಂದವರು ಚರಿತ್ರೆಯಲ್ಲೇ ನಾಲ್ಕು ಜನ: ಕಾತೋ, ತಾನಿಗಾವಾ, ಹಾಬು, ವಾತಾನಾಬೆ. ಕತೆಯಲ್ಲಿ ರೇ ಐದನೆಯವನು. ಅನಿಮೆ ಶುರುವಾಗಿದ್ದು 2016ರ ಅಕ್ಟೋಬರ್ ಎರಡನೇ ವಾರ. ಅದೇ ತಿಂಗಳ ಒಂದನೇ ತಾರೀಖು ನಿಜವಾದ ಐದನೆಯವನು ಬಂದ, ಹದಿನಾಲ್ಕು ವರ್ಷದ ಫುಜಿಯಿ ಸೋತಾ. ಬಂದವನೇ ಸೋಲಿಲ್ಲದೆ 29 ಆಟ ಗೆದ್ದ. 2023ರ ಅಕ್ಟೋಬರ್‌ಗೆ ಎಂಟೂ ಪಟ್ಟ ಅವನ ಹತ್ತಿರ. ಕತೆಯಲ್ಲಿ ಬರೆದಿದ್ದರೆ ಸಂಪಾದಕರು ಅತಿಯಾಯ್ತು ಅಂತ ವಾಪಸ್ ಕಳಿಸ್ತಿದ್ದರು.

ಅವನ ಗುರು ಸುಗಿಮೊತೊ ಮಸಾತಾಕಾ, ನಮ್ಮ ನಗೋಯಾದವರೇ (ಆರು ವರ್ಷಕ್ಕೆ ನಾನು ‘ನಮ್ಮ’ ಅನ್ನಬಹುದು ಅಲ್ವಾ). ಸುಗಿಮೊತೊ ಅವರ ಗುರು ಇತಾಯಾ ಸುಸುಮು 1988ರಲ್ಲಿ 47ಕ್ಕೇ ತೀರಿಕೊಂಡವರು. ಈ ಭಾಗಕ್ಕೆ ಒಂದು ದೊಡ್ಡ ಪಟ್ಟ ತರಬೇಕು ಅನ್ನೋದು ಆ ಮನೆತನದ ಆಸೆ. ಅಜ್ಜಗುರುವಿನ ಆಸೆ ಮೊಮ್ಮಗಶಿಷ್ಯನ ಕೈಯಲ್ಲಿ ತೀರಿತು.

ಇವರಿಬ್ಬರ ಮೊದಲ ಅಧಿಕೃತ ಪಂದ್ಯ 2018ರ ಮಾರ್ಚ್ 8. ಒಂದೇ ಸ್ಥಿತಿ ನಾಲ್ಕು ಸಲ ಬಂದು ಆಟ ರದ್ದಾಗಿ, ಮತ್ತೆ ಮೊದಲಿನಿಂದ ಆಡಿದರು. ಫುಜಿಯಿ ಗೆದ್ದ. ಮರುದಿನ ಪೇಪರಿನಲ್ಲೆಲ್ಲ ಅದೇ ಮಾತು, ಒನ್‌ಗಾಯೆಶಿ.

ಕುಡ್ಲದಮಾಣಿ
ರದ್ದಾಗಿ ಮತ್ತೆ ಆಡಿದ್ದು ಗುರುವಿಗೆ ಬಿಡಲು ಮನಸ್ಸಿಲ್ಲದೆ ಅಂತ ನನಗೆ ಅನಿಸ್ತದೆ. ಇನ್ನೊಂದು ಆಟ ಕೂರುವಾ ಅಂತ.

ನಗೋಯಾವಾಸಿ
ಚೆನ್ನಾಗಿದೆ, ಆದರೆ ಅದಕ್ಕೆ ಸಾಕ್ಷಿ ಏನೂ ಇಲ್ಲ 😄

ಜ್ವಾಳದರೊಟ್ಟಿ
ನೀವೆಲ್ಲಾ ಸಭ್ಯಸ್ಥರ ಶೋಗಿ ಹೇಳಾಕತ್ತೀರಿ. ದುಡ್ಡು ಕಟ್ಟಿ ಆಡೂವರ ಕತಿ ಬ್ಯಾಡೇನು? ‘ಹಚಿ ವನ್ ಡೈವರ್’ ಓದ್ರಿ. ಶೋರೇಕಾಯಿಂದ ಹೊರಬಿದ್ದ ಹುಡುಗ, ಸೊಕ್ಕಿನಿಂದ ಪಣಕ್ಕ ಆಡ್ಕೋತ ಇರ್ತಾನ. ಒಬ್ಬ ಹೆಣ್ಮಗಳು ಅವನ್ನ ನುಣ್ಣಗ ಸೋಲಸ್ತಾಳ. ಮನಿ ಸ್ವಚ್ಛ ಮಾಡಾಕ ಅಂತ ಕರಸಿದ್ರ, ಮನಿಗೆಲಸಕ್ಕ ಬಂದಾಕಿ ಅಕೀನs! ಗುರು ಸಿಗೂ ರೀತಿ ಅಂದ್ರ ಹಿಂಗಿರಬೇಕು.

ಇನ್ನೊಂದು ಯೂಝುಕಿ ಯೂಕೋ ಬರದಿದ್ದು ‘ಬಾಂಜೋ ನೋ ಹಿಮಾವಾರಿ’, ಪತ್ತೇದಾರಿ ಕಾದಂಬರಿ. ಹೆಣದ ಜೋಡಿ ಭಾಳ ಬೆಲಿ ಶೋಗಿ ಕಾಯಿ ಹುಗದಿರ್ತಾವು. ಆ ಹುಡುಗಗ ಇಬ್ರು ಗುರು. ಒಬ್ಬಾಂವ ಸಣ್ಣಾಂವ ಇದ್ದಾಗ ಪ್ರೀತಿಲೆ ಕಲಿಸಿದ ರಿಟೈರ್ ಮಾಸ್ತರ. ಇನ್ನೊಬ್ಬಾಂವ ಪಣದ ಆಟದ ರಾಕ್ಷಸ, ಮೋಸಗಾರ. ಯಾರ ಋಣ ದೊಡ್ಡದು ಅಂತ ಪುಸ್ತಕ ಮುಗಿದ್ರೂ ತಲ್ಯಾಗ ಕೊರೀತದ.

ಹಳೇಪೇಪರ್
ಹೊರಬಿದ್ದವರ ಮಾತು ಬಂತಲ್ಲ. ಸೆಗಾವಾ ಶೋಜಿ, ಇಪ್ಪತ್ತಾರಕ್ಕೆ ಹೊರಬಿದ್ದು, ಕೆಲಸಕ್ಕೆ ಸೇರಿ, ಹವ್ಯಾಸಿಯಾಗಿ ಆಡ್ತಾ ವೃತ್ತಿ ಆಟಗಾರರನ್ನೇ ಸೋಲಿಸ್ತಾ, ಕೊನೆಗೆ 2005ರಲ್ಲಿ ವಿಶೇಷ ಪರೀಕ್ಷೆ ಕಟ್ಟಿಸಿ 35ಕ್ಕೆ ವೃತ್ತಿಗೆ ಬಂದವರು. ಅವರ ಆತ್ಮಕತೆಯನ್ನು 2018ರಲ್ಲಿ ಸಿನಿಮಾ ಮಾಡಿದ ತೊಯೊದಾ ತೊಶಿಯಾಕಿಯೂ ಹುಡುಗನಾಗಿದ್ದಾಗ ಶೋರೇಕಾಯಿಯಲ್ಲಿ ಇದ್ದವರೇ. ಹೊರಬಿದ್ದವನ ಮುಖ ಹೇಗಿರುತ್ತೆ ಅಂತ ನಟನಿಗೆ ಹೇಳಿಕೊಡೋಕೆ ಬೇರೆ ಯಾರಿಗೆ ಸಾಧ್ಯ?

ರಾಗಿಮುದ್ದೆ೯೯
ಚೆಸ್ ನಮ್ಮಿಂದ ಹೋಗಿದ್ದು, ಶೋಗಿನೂ ಚತುರಂಗದ ಮೊಮ್ಮಗನೇ, ಅಂದ್ಮೇಲೆ ನಮ್ಮಲ್ಲಿ ಯಾಕೆ ಇಂಥ ಕತೆ ಬರಲ್ಲ? ಮುಮ್ಮಡಿ ಕೃಷ್ಣರಾಜ ಒಡೆಯರ್ ಅರಮನೆಯಲ್ಲಿ ಕೂತು ಕುದುರೆ ನಡೆ ಲೆಕ್ಕ ಬಿಡಿಸ್ತಿದ್ರು. ಅವರ ಮೇಲೆ ಒಂದು ವೆಬ್ ಸೀರೀಸ್ ಮಾಡಬಹುದಲ್ಲ?

ತಿಳಿಸಾರು
ಮಾಡ್ತಾರೆ. ಅದರಲ್ಲಿ ಐಟಂ ಸಾಂಗ್ ಇರುತ್ತೆ.

ನಿರ್ವಾಹಕ
ಚೆಸ್ ಎಲ್ಲಿ ಹುಟ್ಟಿತು ಅನ್ನೋ ಜಗಳಕ್ಕೆ ಆಗಲೇ ಮೂರು ಎಳೆ ತೆರೆದಿದೆ. ದಯವಿಟ್ಟು ಅಲ್ಲಿ.

ಚೆಕ್‌ಕೊಟ್ಟಕ್ಕ
ನಗೋಯಾದವರಿಗೆ ಒಂದು ಪ್ರಶ್ನೆ. ಆಟ ಮುಗಿದ ಮೇಲೆ ಇಬ್ಬರೂ ಕೂತು ಏನೋ ಮಾತಾಡ್ತಾ ಕಾಯಿ ಹಿಂದಕ್ಕೆ ಮುಂದಕ್ಕೆ ಮಾಡ್ತಾರಲ್ಲ, ಅನಿಮೆಯಲ್ಲಿ ಬರುತ್ತೆ. ನಿಜವಾಗಲೂ ಹಾಗೆ ಮಾಡ್ತಾರಾ?

ನಗೋಯಾವಾಸಿ
ಮಾಡ್ತಾರೆ. ‘ಕಾನ್‌ಸೋಸೆನ್’ ಅಂತ. ಸೋತವನು ಬಾಯಿಬಿಟ್ಟು ‘ಸೋತೆ’ ಅನ್ನಬೇಕು, ಅದು ಮೊದಲು. ಆಮೇಲೆ ಇಬ್ಬರೂ ಆಟವನ್ನು ಮತ್ತೆ ಹರಡಿಕೊಂಡು, ಇಲ್ಲಿ ಹೀಗೆ ಇಟ್ಟಿದ್ದರೆ ಏನಾಗ್ತಿತ್ತು ಅಂತ ಹುಡುಕ್ತಾರೆ. ಪಟ್ಟದ ಪಂದ್ಯದಲ್ಲೂ ಇದೆ. ಐದು ನಿಮಿಷದ ಹಿಂದೆ ಕತ್ತು ಕುಯ್ದವನ ಹತ್ತಿರ, ಚಾಕು ಎಲ್ಲಿ ಇಳೀತು ತೋರಿಸಿ ಅಂತ ಕೇಳೋದು. ನಮ್ಮ ಕ್ಲಬ್ಬಿನ ಅಜ್ಜ ಒಬ್ಬರು ನನ್ನನ್ನು ಇಪ್ಪತ್ತು ನಿಮಿಷದಲ್ಲಿ ಸೋಲಿಸಿ ಮುಕ್ಕಾಲು ಗಂಟೆ ಅದನ್ನು ವಿವರಿಸ್ತಾರೆ. ನಾನು ಕಲಿತಿದ್ದೆಲ್ಲ ಆ ಮುಕ್ಕಾಲು ಗಂಟೆಯಲ್ಲೇ.

ಚೆಕ್‌ಕೊಟ್ಟಕ್ಕ
ನನ್ನ ಕೋಚ್ ಅಂಥ ಒಂದು ಮುಕ್ಕಾಲು ಗಂಟೆ ಕೊಟ್ಟಿದ್ದರೆ ಇವತ್ತಿಗೂ ಆಡ್ತಿದ್ದೆನೇನೋ. ಹೋಗಲಿ ಬಿಡಿ.

ಒಂಟೆನಡೆ
ಬೆಳಿಗ್ಗೆ ಮಾವನಿಗೆ ಫೋನ್ ಮಾಡಿದೆ. ಒನ್‌ಗಾಯೆಶಿ ಪುರಾಣ ಎಲ್ಲ ಹೇಳಿ, ‘ಮಾವ, ಅವತ್ತು ನಾನು ಗೆದ್ದ ಮೇಲೆ ನೀವು ಯಾಕೆ ಆಡೋದು ಬಿಟ್ರಿ?’ ಅಂತ ಕೇಳಿದೆ.

ಅವರು: ‘ನೀ ಯಾವಾಗ ಗೆದ್ಯೋ?’

ನೆನಪೇ ಇಲ್ಲ. ಆಮೇಲೆ ಹೇಳಿದರು, ಆ ವರ್ಷ ದೀಪಾವಳಿಗೆ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಕಾಯಿ ಡಬ್ಬಿ ಎಲ್ಲೋ ಹೋಯ್ತಂತೆ. ಅದಕ್ಕೂ ಮೊದಲೇ ಒಂದು ಆನೆ ಕಳೆದು, ಅದರ ಜಾಗದಲ್ಲಿ ನಾವು ಅಡಿಕೆ ಇಟ್ಟು ಆಡ್ತಿದ್ದಿದ್ದು ಹೌದು, ನನಗೂ ನೆನಪಿದೆ. ‘ಡಬ್ಬಿ ಇಲ್ದೇ ಎಂತ ಆಡೂದು?’ ಅಂದರು. ನಾನು ಇಪ್ಪತ್ತೆರಡು ವರ್ಷ ಹೊತ್ತುಕೊಂಡು ತಿರುಗಿದ ಪಾಪಪ್ರಜ್ಞೆ ಸುಣ್ಣದವರ ತಪ್ಪು.

ತಿಳಿಸಾರು
🤣🤣🤣

ಕುಡ್ಲದಮಾಣಿ
ಮಾವ ಸುಳ್ಳು ಹೇಳಿದ್ದು ಅಂತ ನನ್ನ ಗುಮಾನಿ. ಸೋತದ್ದು ನೆನಪಿಲ್ಲ ಅನ್ನುವ ಚೆಸ್ ಆಟಗಾರನನ್ನು ನಾನು ಈ ತನಕ ನೋಡಿಲ್ಲ.

ಚೆಕ್‌ಕೊಟ್ಟಕ್ಕ
ನನಗೂ ಹಾಗೇ ಅನ್ನಿಸ್ತು.

ಒಂಟೆನಡೆ
ಈಗ ನನ್ನ ತಲೆಗೆ ಮತ್ತೆ ಹುಳ ಬಿಟ್ಟಿರಲ್ಲ. ಮುಂದಿನ ತಿಂಗಳು ಊರಿಗೆ ಹೋಗ್ತಿದ್ದೀನಿ, ಹೊಸ ಸೆಟ್ ಆರ್ಡರ್ ಮಾಡಿದ್ದೀನಿ. ಶೋಗಿದಲ್ಲ, ಚೆಸ್ಸಿಂದೇ.

ಜ್ವಾಳದರೊಟ್ಟಿ
ಒಂದು ಆನಿ ತಗದು ಅಡಿಕಿ ಇಡ್ರಿ.

ಕಾಫಿಪುಡಿ
ಮೂರನೇ ಕಂತಿನಿಂದ ಹದಿನೇಳಕ್ಕೆ ಬಂದೆ. ಶಿಮಾದಾ ಸೋಲ್ತಾರೆ ಅಂತ ಗೊತ್ತಿದ್ದೂ ನೋಡ್ತಿದ್ದೀನಿ, ಎಲ್ಲ ಈ ಎಳೆಯ ಕೃಪೆ. ಯಾರೂ ಇನ್ನು ಎರಡನೇ ಸೀಸನ್ ಬಗ್ಗೆ ಬಾಯಿ ಬಿಡಬೇಡಿ.